ಗೌರಿ ಒದ್ದದ್ದು ಯಾರಿಗೆ?

ಆರು ಪುಟದ ಪತ್ರ. ಮೊದಲ ಐದು ಪುಟಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆರನೆಯದಕ್ಕೆ ಸಿಟ್ಟು ಬಂತು. ಆ ಸಿಟ್ಟು ಇಳಿಯುವ ಮೊದಲೇ ಉತ್ತರ ಬರೆಯಲು ಕುಳಿತಿದ್ದೇನೆ.

ಬರೆದವಳು ಮಂಗಳೂರಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಾಳೆ, ಹಾಸ್ಟೆಲಿನಲ್ಲಿ ವಾಸ. ಮನೆ ಕಾರ್ಕಳದ ಆಚೆ. ಬಸ್ ಇಳಿದ ಮೇಲೂ ಗದ್ದೆಯ ಬದುವಿನಲ್ಲಿ ಕಾಲು ಗಂಟೆ ನಡೆಯಬೇಕು. ಕಾಲೇಜಿನ ಭಿತ್ತಿಪತ್ರಿಕೆಗೆ ತನ್ನ ಮನೆಯ ಮಂದಿ ಮತ್ತು ಪ್ರಾಣಿಗಳ ಬಗ್ಗೆ ಒಂದು ಹರಟೆ ಬರೆದಳು. ಗೆಳತಿಯರು ನಕ್ಕರು, ಅಧ್ಯಾಪಕರು ಬೆನ್ನು ತಟ್ಟಿದರು, ಯಾರೋ ಫೋಟೊ ತೆಗೆದರು, ಅದು ಸುತ್ತಿ ಸುತ್ತಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿಳಿಯಿತು. ಬೆಂಗಳೂರಿನ ಚಿಕ್ಕಪ್ಪ, "ಮನೆಯ ಮಾನವನ್ನು ಗೋಡೆಗೆ ಅಂಟಿಸಿದ್ದಾಳೆ, ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನೆಂದುಕೊಂಡಾರು" ಎಂದು ಬರೆದರು. ಅಪ್ಪ ಎರಡು ದಿನ ಫೋನ್ ಎತ್ತಲಿಲ್ಲ. ಕ್ಷಮೆ ಕೇಳಲೇ, ಹರಟೆಯನ್ನು ತೆಗೆಸಲೇ, ಇನ್ನು ಬರೆಯುವುದನ್ನೇ ಬಿಡಲೇ ಎಂಬುದು ಅವಳ ಪ್ರಶ್ನೆ.

ಮಗಳೇ, ನನಗೆ ಅರವತ್ತೈದು ದಾಟಿದೆ, ಏಕವಚನದಲ್ಲಿಯೇ ಮಾತಾಡುತ್ತೇನೆ. ನೀನು ಚೆನ್ನಾಗಿ ಬರೆಯುತ್ತೀ. ಅಜ್ಜ ದನಕ್ಕೆ ತುಳುವಿನಲ್ಲಿ ಬೈಯುತ್ತಾರೆ, ತಮಗೆ ಬರುವ ಅಷ್ಟೂ ಇಂಗ್ಲಿಷನ್ನು ನಾಯಿಗೆ ಮೀಸಲಿಟ್ಟಿದ್ದಾರೆ, ಕಮ್, ಗೋ, ಶಟಪ್, ಇಷ್ಟೇ ಎಂದಿದ್ದೀಯಲ್ಲ, ಅದು ನಮ್ಮ ಕಡೆಯ ಯಾವ ಮನೆಯಲ್ಲಿ ನಿಜವಲ್ಲ? ಟೈಗರ್ ಎಂಬ ಹೆಸರಿಟ್ಟುಕೊಂಡ ನಾಯಿ ಬೆಕ್ಕನ್ನು ಕಂಡು ಅಜ್ಜನ ಕುರ್ಚಿಯ ಕೆಳಗೆ ಸೇರುವುದು, ಹುಂಜ ಮೂರು ಗಂಟೆಗೆ ಕೂಗಿ ಊರನ್ನೆಲ್ಲ ಎಬ್ಬಿಸಿ ತಾನು ಮತ್ತೆ ತೂಕಡಿಸುವುದು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಇನ್ನು ನಿಮ್ಮ ದನ ಗೌರಿ. ಮಲೆನಾಡು ಗಿಡ್ಡ ತಳಿಯೆಂದರೆ ಎತ್ತರದಲ್ಲಿ ನಮ್ಮ ಸೊಂಟಕ್ಕೆ ಬರುತ್ತದೆ, ಬುದ್ಧಿಯಲ್ಲಿ ನಮ್ಮ ತಲೆಯ ಮೇಲೆ ಹತ್ತಿ ಕೂರುತ್ತದೆ. ನನ್ನ ತವರಿನಲ್ಲಿಯೂ ಅಂಥದ್ದೊಂದು ಇತ್ತು. ಬೇಲಿ ಹಾರಿ ಪಕ್ಕದ ಮನೆಯ ಅಲಸಂಡೆ ಚಪ್ಪರವನ್ನು ಮುಗಿಸಿ, ಹುಡುಕಿಕೊಂಡು ಹೊರಟರೆ ಏನೂ ಅರಿಯದವಳಂತೆ ಹಟ್ಟಿಯ, ಅಂದರೆ ಕೊಟ್ಟಿಗೆಯ, ಬಾಗಿಲಲ್ಲಿ ಮೆಲುಕು ಹಾಕುತ್ತಾ ನಿಂತಿರುತ್ತಿತ್ತು.

ಹೀಗೆ ನಗುತ್ತಾ ಹೋಗುವಾಗ ಒಂದು ಸಾಲು ಕಾಲಿಗೆ ತಾಗಿತು. "ಒಂದು ಬೆಳಿಗ್ಗೆ ಗೌರಿ ಒದ್ದಳು, ಹಾಲೆಲ್ಲ ಚೆಲ್ಲಿತು, ಅಪ್ಪ ಹಾಲಿಲ್ಲದ ಚಹಾ ಕುಡಿದು ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದರು."

ಒದ್ದಳು, ಸರಿ. ಯಾರಿಗೆ?

ಚೆಲ್ಲಿದ ಹಾಲಿನ ಲೆಕ್ಕ ಇದೆ, ಅಪ್ಪನ ಚಹಾದ ಲೆಕ್ಕ ಇದೆ. ಕೆಚ್ಚಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮೊಣಕಾಲುಗಳ ನಡುವೆ ಚೆಂಬು ಹಿಡಿದು ಕರೆಯುತ್ತಿದ್ದವರು ಆ ವಾಕ್ಯದಲ್ಲಿ ಎಲ್ಲಿದ್ದಾರೆ? ನಿನ್ನ ಹರಟೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಅಜ್ಜ ಇದ್ದಾರೆ, ಅಪ್ಪ, ತಮ್ಮ, ಟೈಗರ್, ಬೆಕ್ಕು, ಹುಂಜ, ಗೌರಿ, ಮಿಶ್ರತಳಿಯ ಲಕ್ಷ್ಮಿ, ಲಕ್ಷ್ಮಿಯ ಕರುವಿಗೂ ಪುಟ್ಟ ಎಂಬ ಹೆಸರಿದೆ. ಅಮ್ಮ ಇಲ್ಲ. ಆಮೇಲೆ ಪತ್ರದ ಆರನೆಯ ಪುಟದಲ್ಲಿ, ಅದೂ ಕಂಸದೊಳಗೆ ಸಿಕ್ಕಿದರು: "ಅಮ್ಮ ಮಾತ್ರ ಏನೂ ಹೇಳಲಿಲ್ಲ, ಅವರದು ಮೊದಲಿನಿಂದಲೂ ಮಾತು ಕಡಿಮೆ."

ನನಗೆ ಸಿಟ್ಟು ಬಂದದ್ದು ನಿನ್ನ ಮೇಲಷ್ಟೇ ಅಲ್ಲ. ನನ್ನ ಅಚ್ಚಾದ ಮೊದಲ ಲೇಖನದಲ್ಲಿ, ಮನೆಗೆ ನೆಂಟರು ಬಂದ ಪ್ರಸಂಗದಲ್ಲಿ, "ಒಳಗಿನಿಂದ ಕಾಫಿ ಬಂತು" ಎಂದು ಬರೆದಿದ್ದೆ. ಕಾಫಿ ತಾನೇ ನಡೆದುಕೊಂಡು ಬಂದ ಹಾಗೆ! ಅಮ್ಮ ಅದನ್ನು ಓದಿ, "ಅಕ್ಷರ ಚೆನ್ನಾಗಿ ಅಚ್ಚಾಗಿದೆ" ಎಂದಷ್ಟೇ ಹೇಳಿದ್ದರು.

ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ, ಓದುಗರಿಗೆ ಬೇಸರ ಬಂದರೂ ಕೇಳುತ್ತೇನೆ: ಹಾಲಿನ ಸೊಸೈಟಿಯ ಪುಸ್ತಕ ಯಾರ ಹೆಸರಿನಲ್ಲಿದೆ? ಲಕ್ಷ್ಮಿಯ ಹಾಲು ದಿನವೂ ಸೊಸೈಟಿಗೆ ಹೋಗುತ್ತದೆ ಎಂದಿದ್ದೀ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಪುಸ್ತಕದಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಸೆಗಣಿ ಬಾಚಿದವರ ಕೈಗಲ್ಲ. ಬಿ.ಕಾಂ. ಓದುವವಳು ನೀನು, ಮನೆಯಲ್ಲಿ ವಿಚಾರಿಸು. ಇನ್ನೊಂದು ವಿಷಯ. ನಿಮ್ಮ ಕಾರ್ಕಳ ಸೇರಿದ ಉಡುಪಿ ಜಿಲ್ಲೆ 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು, ಆದರೆ ಎರಡು ಜಿಲ್ಲೆಗಳ ಹಾಲಿಗೆ ಒಕ್ಕೂಟ ಇಂದಿಗೂ ಒಂದೇ, ಮಂಗಳೂರಿನ ಕುಲಶೇಖರದಲ್ಲಿರುವುದು. ಹಾಗಾಗಿ ನಿನ್ನ ಹಾಸ್ಟೆಲಿನ ಚಹಾಕ್ಕೆ ಬೀಳುವ ನಂದಿನಿ ಹಾಲಿನಲ್ಲಿ ಅಮ್ಮ ಕರೆದ ನಾಲ್ಕು ಹನಿ ಇದ್ದರೂ ಇರಬಹುದು.

ಈಗ ಚಿಕ್ಕಪ್ಪ. ಅವರು ಪ್ರತಿ ದೀಪಾವಳಿಗೆ ಬಂದು ಹೋಗುವಾಗ "ಗಿಡ್ಡ ದನದ ಅಸಲಿ ತುಪ್ಪ" ಎಂದು ಎರಡು ಬಾಟಲಿ ತುಂಬಿಸಿಕೊಂಡು ಹೋಗುತ್ತಾರೆ ಎಂದು ನೀನೇ ತಮಾಷೆಗೆ ಬರೆದಿದ್ದೀ. ಒಂದು ಕಿಲೋ ತುಪ್ಪಕ್ಕೆ 20 ಲೀಟರಿಗಿಂತ ಹೆಚ್ಚು ಹಾಲು ಬೇಕು. ನಿಮ್ಮ ಗೌರಿ ದಿನಕ್ಕೆ ಕೊಡುವುದು ಎರಡು ಲೀಟರ್. ಅಂದರೆ ಹತ್ತು ದಿನಕ್ಕೂ ಮೀರಿ ಕರೆದು, ಹೆಪ್ಪು ಹಾಕಿ, ಕಡೆದು, ಕಾಯಿಸಿದರೆ ಅವರಿಗೆ ಒಂದು ಕಿಲೋ. ಅಷ್ಟನ್ನು ಹೊತ್ತುಕೊಂಡು ಹೋಗುವಾಗ ಕಾಣದಿದ್ದ ಮನೆಯ ಮಾನ ಭಿತ್ತಿಪತ್ರಿಕೆಯಲ್ಲಿ ಕಂಡಿತೇ? ಹಟ್ಟಿಗೆ ಕಾಲಿಡದವರು ಮನೆತನದ ಮರ್ಯಾದೆಯ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನ ಅಪ್ಪನ ಮುನಿಸನ್ನು ಬಿಡು, ಅದು ಹಾಲಿಲ್ಲದ ಚಹಾದ ಮುನಿಸಿನ ಜಾತಿಯದೇ, ತಾನಾಗಿ ಇಳಿಯುತ್ತದೆ.

ಹರಟೆಯನ್ನು ತೆಗೆಸಬೇಡ. ಬರೆಯುವುದನ್ನು ಬಿಡುವ ಮಾತಂತೂ ಬೇಡವೇ ಬೇಡ. ನೀನು ಮಾಡಬೇಕಾದದ್ದು ಒಂದೇ ಕೆಲಸ. ಈ ಶನಿವಾರ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮೂಡುಬಿದಿರೆ ದಾರಿಯ ಬಸ್ ಹತ್ತಿ ಮನೆಗೆ ಹೋಗು. ಭಾನುವಾರ ಬೆಳಿಗ್ಗೆ ಅಮ್ಮ ಏಳುವಾಗ ನೀನೂ ಎದ್ದು ಹಟ್ಟಿಗೆ ನಡೆ. ಮೊಬೈಲನ್ನು ಒಳಗೇ ಇಟ್ಟು ಹೋಗು. ಬೆಳಕಿಗೋ ಸದ್ದಿಗೋ ಬೆದರಿದರೆ ದನ ಹಾಲು ಇಳಿಸುವುದಿಲ್ಲ, ಮತ್ತೊಮ್ಮೆ ಒದೆ ತಿನ್ನುವವರು ಅಮ್ಮನೇ. ಕರುವಿನ ಹಗ್ಗ ಹಿಡಿದುಕೊಂಡು ಸುಮ್ಮನೆ ನಿಲ್ಲು. ಕ್ಷಮೆ ಗಿಮೆ ಎಂದು ನಾಟಕ ಬೇಡ, ಅವರಿಗೆ ಮುಜುಗರವಾಗುತ್ತದೆ. ಕರೆದು ಮುಗಿದ ಮೇಲೆ, ಅವತ್ತು ಗೌರಿ ಒದ್ದದ್ದು ಎಲ್ಲಿಗೆ ಎಂದು ಕೇಳು. ತೋರಿಸಿದರೆ ನೋಡು.

ಚಿಕ್ಕಪ್ಪನಿಗೆ ಉತ್ತರ ಬರೆಯಬೇಡ. ದೀಪಾವಳಿಯ ಗೋಪೂಜೆಗೆ ಬಂದೇ ಬರುತ್ತಾರಲ್ಲ, ಆಗ ತುಪ್ಪದ ಬಾಟಲಿಗಿಂತ ಮೊದಲು ಕೈಗೆ ಕಸ ಗುಡಿಸಲು ಒಂದು ಹಿಡಿಸೂಡಿ ಕೊಡು. ಹಟ್ಟಿ ಯಾವ ಕಡೆ ಎಂದು ಕೇಳಿದರೆ ಟೈಗರ್ ದಾರಿ ತೋರಿಸುತ್ತಾನೆ, ನಡುವೆ ಬೆಕ್ಕು ಅಡ್ಡ ಬಾರದಿದ್ದರೆ.