ಮಾತ್ರೆ ಕುಟ್ಟಿ ಕೊಡಬಹುದೇ? ಓದುಗರ ಪ್ರಶ್ನೆ, ಔಷಧತಜ್ಞರ ಉತ್ತರ

ಪ್ರಶ್ನೆ: ಅಮ್ಮನಿಗೆ 82 ವರ್ಷ, ಮಾತ್ರೆ ನುಂಗಲು ಕಷ್ಟ. ಮೆಟ್‌ಫಾರ್ಮಿನ್ ಎಸ್‌ಆರ್ 1000 (ಸಕ್ಕರೆ ಕಾಯಿಲೆಗೆ) ಮತ್ತು ಪ್ಯಾಂಟೊಪ್ರಜೋಲ್ 40 (ಹೊಟ್ಟೆಯ ಆಮ್ಲ ತಗ್ಗಿಸಲು) ಎರಡನ್ನೂ ಕುಟ್ಟಿ ಗಂಜಿತಿಳಿಯಲ್ಲಿ ಕೊಡುತ್ತಿದ್ದೇವೆ. ಸರಿಯೇ?
— ಬದಿಯಡ್ಕ

ಉತ್ತರ: ಎರಡನ್ನೂ ಕುಟ್ಟಬಾರದು. ಆದರೆ ಕಾರಣ ಒಂದೇ ಅಲ್ಲ.

ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂದಿದ್ದರೆ ಅದು ಹಲವು ಗಂಟೆಗಳ ಕಾಲ ಮದ್ದನ್ನು ನಿಧಾನಕ್ಕೆ ಬಿಡುವ ಮಾತ್ರೆ. ಮೆಟ್‌ಫಾರ್ಮಿನ್ ಎಸ್‌ಆರ್ ಹೊಟ್ಟೆಯ ನೀರಿನಲ್ಲಿ ಉಬ್ಬಿ ಲೋಳೆಯಂತಾಗುತ್ತದೆ, ಅದರೊಳಗಿಂದ ಮದ್ದು ಜಿನುಗುತ್ತದೆ. ಕುಟ್ಟಿದರೆ ಇಡೀ ದಿನದ ಪಾಲು ಒಮ್ಮೆಗೇ ಹೊಟ್ಟೆಗಿಳಿದು ವಾಕರಿಕೆ, ಭೇದಿ ಶುರುವಾಗುತ್ತದೆ. ರಾತ್ರಿಯಾಗುವ ಹೊತ್ತಿಗೆ ಮದ್ದಿನ ಬಲವೂ ಇಳಿದಿರುತ್ತದೆ. ಇದೇ ಕೆಲಸವನ್ನು ಬಿ.ಪಿ.ಯ ನಿಫೆಡಿಪಿನ್ ರಿಟಾರ್ಡ್ (ಇದೂ ಮದ್ದನ್ನು ನಿಧಾನಕ್ಕೆ ಬಿಡುವಂಥದ್ದೇ) ಮಾತ್ರೆಗೆ ಮಾಡಿದರೆ ಇನ್ನೂ ಅಪಾಯ: ರಕ್ತದೊತ್ತಡ ದಿಢೀರನೆ ಕುಸಿದು ವಯಸ್ಸಾದವರು ಬಿದ್ದುಬಿಡಬಹುದು. (ಎಸ್‌ಆರ್ ಮಾತ್ರೆ ನುಂಗಿದವರ ಮಲದಲ್ಲಿ ಮೆತ್ತನೆಯ ಮಾತ್ರೆಯಂಥದ್ದು ಕಂಡರೆ ಹೆದರಬೇಡಿ. ಮದ್ದು ಮೈಗೆ ಸೇರಿ ಉಳಿದ ಖಾಲಿ ಚಿಪ್ಪು ಅದು.)

ಪ್ಯಾಂಟೊಪ್ರಜೋಲನ್ನು ಹೊಟ್ಟೆಯ ಆಮ್ಲವೇ ಹಾಳುಮಾಡುತ್ತದೆ. ಅದಕ್ಕಾಗಿಯೇ ಮೇಲೆ ಲೇಪವಿದೆ. ಅದು ಕರಗುವುದು ಸಣ್ಣ ಕರುಳಿಗೆ ಹೋದ ಮೇಲೆ. ಅಲ್ಲಿಂದ ರಕ್ತಕ್ಕೆ ಸೇರಿ, ರಕ್ತದ ಮೂಲಕವೇ ಹೊಟ್ಟೆಯ ಆಮ್ಲ ತಯಾರಿಸುವ ಕೋಶಗಳನ್ನು ಮುಟ್ಟುತ್ತದೆ. ನೀವು ಕುಟ್ಟಿ ಕೊಟ್ಟದ್ದರಲ್ಲಿ ಬಹುಪಾಲು ದಾರಿಯಲ್ಲೇ ನಷ್ಟ.

ವೈದ್ಯರಲ್ಲಿ ಹೀಗೆ ಕೇಳಿ: ಸಾದಾ ಮೆಟ್‌ಫಾರ್ಮಿನನ್ನು ದಿನಕ್ಕೆ ಎರಡು ಮೂರು ಸಲಕ್ಕೆ ಹಂಚಬಹುದೇ? ಅದನ್ನು ಪುಡಿಮಾಡಬಹುದು. ಪ್ಯಾಂಟೊಪ್ರಜೋಲ್ ಬದಲು ಒಮೆಪ್ರಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರೆ ಅದನ್ನು ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಜಜ್ಜದೆ ಒಂದು ಚಮಚ ಹುಳಿ ಹಣ್ಣಿನ ರಸದಲ್ಲಿ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಬಹುದು, ಅಗಿಯಬಾರದು. ನುಂಗುವ ತೊಂದರೆ ಇತ್ತೀಚೆಗೆ ಶುರುವಾದದ್ದಾದರೆ ಅದನ್ನೂ ತಪ್ಪದೆ ತೋರಿಸಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕೆಲಸ. ಇಲಿಜ್ವರ ಬಾರದಿರಲು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಕೊಟ್ಟಿದ್ದಾರೆ. ರಾತ್ರಿ ನುಂಗಿ ಮಲಗಿದೆ, ಬೆಳಿಗ್ಗೆ ಏನು ನುಂಗಿದರೂ ಎದೆ ನಡುವೆ ಉರಿ. ಮದ್ದು ಮೈಗೆ ಹಿಡಿಸಲಿಲ್ಲವೇ?
— ಪೆರ್ಲ

ಉತ್ತರ: ಹೆಚ್ಚಾಗಿ ಅದು ಅನ್ನನಾಳದಲ್ಲಿ ಅಂಟಿ ನಿಂತದ್ದು. ಡಾಕ್ಸಿಸೈಕ್ಲಿನ್ ಕರಗಿದಾಗ ಆಮ್ಲೀಯ; ಒಂದೇ ಜಾಗದಲ್ಲಿ ಕರಗಿದರೆ ಅಲ್ಲಿ ಹುಣ್ಣಾಗುತ್ತದೆ. ಗುಟುಕು ನೀರಲ್ಲಿ ನುಂಗಿ ಅಡ್ಡಾದವರಿಗೆ ಇದು ಸಾಮಾನ್ಯ. ಊಟವಾದ ಮೇಲೆ, ಕುಳಿತು ಅಥವಾ ನಿಂತು, 100 ಮಿ.ಗ್ರಾಂ.ನ ಎರಡನ್ನು ಒಂದೊಂದಾಗಿ, ದೊಡ್ಡ ಲೋಟ ನೀರಿನೊಂದಿಗೆ ನುಂಗಿ. ಕನಿಷ್ಠ ಅರ್ಧ ಗಂಟೆ ಮಲಗಬೇಡಿ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಜೊತೆಗೆ ಬೇಡ, ಅವು ಮದ್ದನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡು ಮೂರು ಗಂಟೆ ಅಂತರವಿರಲಿ. ಉರಿ ಆರುವ ಮೊದಲು ಮುಂದಿನ ಡೋಸ್ ತೆಗೆದುಕೊಳ್ಳದೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬೆವರು, ಉಸಿರುಕಟ್ಟು, ಕೈಗೆ ಹರಡುವ ನೋವು ಇದ್ದರೆ ಮಾತ್ರೆಯ ಮೇಲೆ ಹೊರಿಸಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ನಿಮ್ಮ ಪಾಲಿನದನ್ನು ಕೊಡಲೇಬೇಡಿ.

ಪ್ರಶ್ನೆ: ಮಗ ದುಬೈಯಿಂದ ಇನ್ಸುಲಿನ್ ಬಾಟಲಿ ತಂದಿದ್ದಾನೆ. ಇಲ್ಲಿಯ ಸಿರಿಂಜಿನಲ್ಲಿ ಎಂದಿನಂತೆ 20ರ ಗೆರೆವರೆಗೆ ತೆಗೆಯಬಹುದೇ?
— ಉಪ್ಪಳ

ಉತ್ತರ: ದಯವಿಟ್ಟು ಬೇಡ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್. ಹೊರದೇಶದ್ದು ಸಾಮಾನ್ಯವಾಗಿ 100. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿ.ಲೀ.; 100ರ ಬಾಟಲಿಯಿಂದ ಅಷ್ಟು ತೆಗೆದರೆ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ತಿರುಗಾಮುರುಗಾ ಆದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು ಬಳಸಿದರೆ, ಸಿಗುವುದು ಬರೀ 8. ಬಣ್ಣವನ್ನಷ್ಟೇ ನಂಬದೆ ಬಾಟಲಿ, ಸಿರಿಂಜು ಎರಡರ ಮೇಲಿನ ಅಂಕಿಯನ್ನೂ ಓದಿ. ಇನ್ಸುಲಿನ್ ಬಗೆಯೂ ಅದೇ ಆಗಿರಬೇಕು. ಬಳಸುವ ಮೊದಲು ವೈದ್ಯರಿಗೆ ಬಾಟಲಿ ತೋರಿಸಿ.

ಪ್ರಶ್ನೆ: ದಮ್ಮಿನ ಕ್ಯಾಪ್ಸೂಲ್ ನುಂಗಿದರೂ ಗುಣ ಕಾಣುತ್ತಿಲ್ಲ.
— ಮುಳ್ಳೇರಿಯ

ಉತ್ತರ: ನಿಮ್ಮದು ರೋಟಾಕ್ಯಾಪ್, ಅಂದರೆ ಮದ್ದಿನ ಪುಡಿ ತುಂಬಿದ ಕ್ಯಾಪ್ಸೂಲ್ ಆಗಿರಬೇಕು. ಅದು ನುಂಗುವುದಲ್ಲ, ಯಂತ್ರದಲ್ಲಿಟ್ಟು ಉಸಿರಿನೊಂದಿಗೆ ಎಳೆಯುವುದು. ಪುಡಿ ಶ್ವಾಸನಾಳಕ್ಕೇ ತಲುಪಬೇಕು. ಮೊದಲು ಉಸಿರು ಪೂರ್ತಿ ಹೊರಬಿಡಿ, ಆದರೆ ಯಂತ್ರದೊಳಗೆ ಊದಬೇಡಿ. ಬಳಿಕ ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡ್ ಹಿಡಿಯಿರಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಸ್ಟಿರಾಯ್ಡ್ ಇರುವ ಕ್ಯಾಪ್ಸೂಲಾದರೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಬಹುದು. ಮಳೆಗಾಲದ ತೇವಕ್ಕೆ ಪುಡಿ ಮುದ್ದೆಯಾಗುತ್ತದೆ; ಒಣಗಿದ ಕೈಯಲ್ಲಿ, ಬೇಕಾದಾಗಲಷ್ಟೇ ಡಬ್ಬಿಯಿಂದ ಹೊರತೆಗೆಯಿರಿ.