ಮೊದಲು ಸಾದಾ ಕೀಬೋರ್ಡ್, ಆಮೇಲೆ ವೇಟೆಡ್ ಪಿಯಾನೋ ಅನ್ನುವ ಲೆಕ್ಕ ಬೇಡ

ಎಂಟು ವರ್ಷದ ಮಗಳು, ಠಾಣೆಯಲ್ಲಿ ಒಂದು ಬೆಡ್‌ರೂಮಿನ ಮನೆ, ಪಿಯಾನೋ ಕ್ಲಾಸ್ ಈಗಷ್ಟೇ ಶುರು, ಕೈಯಲ್ಲಿ 40 ಸಾವಿರ. ಸದ್ಯಕ್ಕೆ 61 ಕೀಯ ಸಾದಾ ಕೀಬೋರ್ಡ್ ಕೊಡಿಸಿ, ಆಸಕ್ತಿ ಉಳಿದರೆ ಆಮೇಲೆ ವೇಟೆಡ್ ಕೀ (ಮರದ ಪಿಯಾನೋದ ಹಾಗೆ ಒತ್ತಲು ಭಾರ ಇರುವ ಕೀ) ಇರುವುದನ್ನು ತಗೊಳ್ಳೋದಾ, ಇಲ್ಲ ಈಗಲೇ ಯಮಾಹಾ ಪಿ-145, ರೋಲ್ಯಾಂಡ್ ಎಫ್‌ಪಿ-10, ಕ್ಯಾಸಿಯೋ ಸಿಡಿಪಿ-ಎಸ್110 ಈ ಮೂರು ವೇಟೆಡ್ ಡಿಜಿಟಲ್ ಪಿಯಾನೋಗಳಲ್ಲಿ ಒಂದನ್ನು ತಗೊಳ್ಳೋದಾ ಅಂತ ಕೇಳಿದ್ದೀರಿ. ಡೊಂಬಿವಲಿಯಲ್ಲಿ ನಾವೂ ಇದೇ ಲೆಕ್ಕ ಹಾಕಿ ಮೊದಲನೇ ದಾರಿ ಹಿಡಿದೆವು. ಹಿಡಿಯಬಾರದಿತ್ತು.

ನಮ್ಮ ಮಗಳಿಗೆ ಆಗ ಒಂಬತ್ತು. ಟೀಚರ್ ಗೋವಾ ಕಡೆಯ ಹಿರಿಯ ಹೆಂಗಸು. ಅವರ ಹಾಲ್‌ನಲ್ಲಿ ಹಳೇ ಮರದ ಪಿಯಾನೋ ಇತ್ತು. ಮಳೆಗಾಲ ಬಂತೆಂದರೆ ಅದರ ಹೊಟ್ಟೆಯೊಳಗೆ ಒಂದು ಬಲ್ಬ್ ಉರಿಸಿಡುತ್ತಿದ್ದರು. ಇಲ್ಲಿಯ ತೇವಕ್ಕೆ ಮರ ಉಬ್ಬುತ್ತದೆ, ಒತ್ತಿದ ಕೀ ಮೇಲೇಳುವುದಿಲ್ಲ, ತಂತಿಗೆ ತುಕ್ಕು ಹಿಡಿಯುತ್ತದೆ, ಶ್ರುತಿ ಕೆಡುತ್ತದೆ. ಹಾಗಾಗಿ ನಮ್ಮಂಥ ಫ್ಲ್ಯಾಟಿನವರಿಗೆ ಡಿಜಿಟಲ್ಲೇ ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಂಥ ಡಿಜಿಟಲ್ ಅನ್ನುವಲ್ಲೇ ನಾವು ಎಡವಿದ್ದು.

ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಹೋದೆವು. ಹುಡುಗ ಸ್ವಿಚ್ ಹಾಕಿ ತಬಲಾ ರಿದಮ್ ಬಾರಿಸಿದ, ಕೊಳಲು, ಸಿತಾರ್, ಎಲ್ಲ ಸ್ವರ ತೋರಿಸಿದ. "ಪಿಯಾನೋ ಕಲಿಯೋದಕ್ಕೆ ಇದು ನಡೆಯುತ್ತಾ?" ಅಂತ ನಮ್ಮ ಮನೆಯವರು ಕೇಳಿದರು. ಅವನು ಡಬ್ಬದ ಮೇಲಿನ ಅಕ್ಷರ ತೋರಿಸಿ, "ಟಚ್ ರೆಸ್ಪಾನ್ಸ್ ಇದೆ ಸರ್, ಪಿಯಾನೋ ಥರಾನೇ" ಅಂದ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ಕೇಳಿತು, ಜೋರಾಗಿ ಒತ್ತಿದರೆ ಜೋರಾಗಿ ಕೇಳಿತು. ಟೀಚರ್ ಹೇಳಿದ "ವೇಟೆಡ್" ಅಂದರೆ ಇದೇ ಇರಬೇಕು ಅಂದುಕೊಂಡು ದುಡ್ಡು ಕೊಟ್ಟು ಬಂದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಪ್ರಶ್ನೆಯಲ್ಲಿ "61 ಕೀಯದರಲ್ಲೂ ಟಚ್ ಸೆನ್ಸಿಟಿವ್ ಬರುತ್ತಲ್ಲ" ಅಂತ ಬರೆದಿದ್ದೀರಿ. ಟಚ್ ಸೆನ್ಸಿಟಿವ್ ಅಂದರೆ ಇಷ್ಟೇ. ಕೀಯ ಕೆಳಗೆ ಒಂದಾದ ಮೇಲೊಂದು ತಾಗುವ ಎರಡು ಕಾಂಟ್ಯಾಕ್ಟ್ ಇರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಯಂತ್ರ ಅಳೆಯುತ್ತದೆ. ಬೇಗ ತಾಗಿದರೆ ಸದ್ದು ಜೋರು, ನಿಧಾನಕ್ಕೆ ತಾಗಿದರೆ ಮೆಲ್ಲಗೆ. ಮಿಡಿ (MIDI, ಡಿಜಿಟಲ್ ವಾದ್ಯಗಳು ಸ್ವರದ ವಿವರ ದಾಟಿಸುವ ಸಂಕೇತ ಭಾಷೆ) ಲೆಕ್ಕದಲ್ಲಿ ಅದಕ್ಕೆ 1ರಿಂದ 127ರವರೆಗೆ ಒಂದು ಅಂಕಿ ಬೀಳುತ್ತದೆ. ಅಂದರೆ ಅಳೆಯುವುದು ವೇಗವನ್ನು ಮಾತ್ರ. ಬೆರಳಿಗೆ ಎಷ್ಟು ಭಾರ ಸಿಕ್ಕಿತು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಭಾರದ ಕಥೆ ಬೇರೆ. ಸಾದಾ ಕೀಬೋರ್ಡಿನಲ್ಲಿ ಕೀಯನ್ನು ಮೇಲಕ್ಕೆ ತಳ್ಳುವುದು ಸ್ಪ್ರಿಂಗು. ಅದು ಶುರುವಿಗೆ ಸಲೀಸು, ತಳಕ್ಕೆ ಹೋದ ಹಾಗೆ ಬಿಗಿ. ನಿಜವಾದ ಪಿಯಾನೋ ಇದಕ್ಕೆ ಉಲ್ಟಾ. ನೀವು ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ಎದ್ದು ತಂತಿಗೆ ಹೊಡೆಯಬೇಕು. ಮಗುವನ್ನು ಕೂರಿಸಿದ ಉಯ್ಯಾಲೆಯನ್ನು ತಳ್ಳಿದ ಹಾಗೆ, ಹೊರಡಿಸುವುದೇ ಕಷ್ಟ, ಹೊರಟ ಮೇಲೆ ತಾನೇ ಹೋಗುತ್ತದೆ. ನಡುವಿನ ಒಂದು ಕೀ ಇಳಿಯಲು ಸುಮಾರು 50 ಗ್ರಾಂ ಭಾರ ಬೇಕು, ಇಳಿಯುವುದು ಸುಮಾರು 10 ಮಿಲಿಮೀಟರ್. ಕಲಿಯುವ ಬೆರಳು ಈ 10 ಮಿಲಿಮೀಟರಿನೊಳಗೇ ಎಲ್ಲವನ್ನೂ ಕಲಿಯಬೇಕು. ಡಿಜಿಟಲ್ ಪಿಯಾನೋದಲ್ಲಿ ತಂತಿ ಇರುವುದಿಲ್ಲ. ಆದರೆ ಪ್ರತಿ ಕೀಗೂ ಒಂದು ಭಾರದ ಸುತ್ತಿಗೆ ಇಟ್ಟಿರುತ್ತಾರೆ. ಅದಕ್ಕೇ ಹ್ಯಾಮರ್ ಆಕ್ಷನ್ ಅನ್ನುವುದು. "ಗ್ರೇಡೆಡ್" ಅಂತ ಇದ್ದರೆ ಎಡಗಡೆಯ ಕೀ ಹೆಚ್ಚು ಭಾರ, ಬಲಕ್ಕೆ ಹೋದಂತೆ ಹಗುರ, ಮರದ ಪಿಯಾನೋದಲ್ಲಿ ಇರುವ ಹಾಗೇ. "ಸೆಮಿ ವೇಟೆಡ್" ಅನ್ನುವುದು ಸ್ಪ್ರಿಂಗಿನ ಜೊತೆ ಸ್ವಲ್ಪ ತೂಕ ಸೇರಿಸಿದ್ದು, ಸುತ್ತಿಗೆ ಅದರಲ್ಲಿ ಇರುವುದಿಲ್ಲ. ಅದನ್ನು ತಗೊಳ್ಳಬೇಡಿ.

ಈಗ ನಮ್ಮ ಮನೆಯಲ್ಲಿ ಏನಾಯಿತು ಅಂತ ಕೇಳಿ. ಮಗಳು ಮನೆಯಲ್ಲಿ ಸಿ ಮೇಜರ್ ಸ್ಕೇಲ್ ಚೆನ್ನಾಗಿಯೇ ನುಡಿಸುತ್ತಿದ್ದಳು. ನಮ್ಮ ಶಂಕರಾಭರಣದ ಸ್ವರಗಳು, ಕೇಳಲು ಖುಷಿ. ಟೀಚರ್ ಮನೆಯಲ್ಲಿ ಕೂತರೆ ಸ ರಿ ಗ ಮ ಪ ದ ತನಕ ಸದ್ದು ಬರುತ್ತಿತ್ತು, ನಿ ಮತ್ತು ಮೇಲಿನ ಸ ಕೇಳುತ್ತಲೇ ಇರಲಿಲ್ಲ. ಬಲಗೈಯಲ್ಲಿ ಆ ಎರಡು ಸ್ವರ ಬರುವುದು ಉಂಗುರದ ಬೆರಳಿಗೆ ಮತ್ತು ಕಿರುಬೆರಳಿಗೆ. ಕೈಯಲ್ಲೇ ಸೋತ ಬೆರಳುಗಳು ಅವು. ಹಗುರ ಕೀಬೋರ್ಡಿನಲ್ಲಿ ಸುಮ್ನೆ ಮುಟ್ಟಿದರೂ ಸ್ವರ ಬರುತ್ತದೆ, ಆದ್ದರಿಂದ ಅವು ಕೆಲಸ ಕಲಿತೇ ಇರಲಿಲ್ಲ. ಎಡಗೈಯದು ಇನ್ನೂ ಕಷ್ಟ. ಅಲ್ಲಿ ಶುರುವಿನ ಸ ಕಿರುಬೆರಳಿಗೇ ಬರುತ್ತದೆ, ಅದೂ ಕೀ ಭಾರ ಇರುವ ಕಡೆ. ಸದ್ದು ಬರಲಿ ಅಂತ ಅವಳು ಭುಜ ಎತ್ತಿ ಮಣಿಕಟ್ಟಿನಿಂದ ಕುಟ್ಟಲು ಶುರು ಮಾಡಿದಳು.

ಅವಳು ಅಭ್ಯಾಸ ಮಾಡುತ್ತಿಲ್ಲ ಅಂತ ನಾನು ತಿಳಿದೆ. ಕೆಲಸಕ್ಕೆ ಹೋದವಳು, ಸಂಜೆ ಲೋಕಲ್ ಇಳಿದು ಮನೆ ಸೇರುವಾಗ ಏಳೂವರೆ. ಅಷ್ಟರಲ್ಲಿ ಅವಳು ನುಡಿಸಿಯೂ ಮುಗಿದಿರುತ್ತಿತ್ತು. "ಟೀಚರ್ ಮುಂದೆ ಯಾಕೆ ಬರಲ್ಲ ನಿಂಗೆ?" ಅಂತ ಬೈಯುತ್ತಿದ್ದೆ. "ಅಲ್ಲಿ ಕೀ ಇಳಿಯಲ್ಲ ಅಮ್ಮಾ" ಅನ್ನುತ್ತಿದ್ದಳು. ನಾನು ಅದನ್ನು ನೆಪ ಅಂದುಕೊಂಡೆ. ಮಗು ಸರಿಯಾದ ಕಾರಣವನ್ನೇ ಹೇಳುತ್ತಿತ್ತು. ಕೊನೆಗೆ ಟೀಚರೇ "ಮನೆಯಲ್ಲಿ ಯಾವುದರ ಮೇಲೆ ನುಡಿಸ್ತಾಳೆ?" ಅಂತ ಕೇಳಿ, ನಾನು ತೋರಿಸಿದ ಫೋಟೋ ನೋಡಿ, "ಇವಳ ತಪ್ಪಲ್ಲ ಇದು" ಅಂದರು. ಅಷ್ಟರಲ್ಲಿ ವರ್ಷ ಕಳೆದಿತ್ತು. ಕ್ಲಾಸಿಗೆ ಹೋಗಲ್ಲ ಅಂತ ಹಟ ಶುರುವಾಗಿತ್ತು. ವೇಟೆಡ್ ಕೀಯದು ತಂದ ಮೇಲೂ ಆ ಭುಜದ ಅಭ್ಯಾಸ ಬಿಡಿಸಲು ಬಹಳ ಕಾಲ ಹಿಡಿಯಿತು. ಹಳೆಯದನ್ನು ಮಾರಿದರೆ ಕೊಟ್ಟ ದುಡ್ಡಿನ ಅರ್ಧವೂ ಬರಲಿಲ್ಲ. ದುಡ್ಡಿಗಿಂತ ನನಗೆ ಆ ಬೈಗುಳವೇ ಜಾಸ್ತಿ ನೋವು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. "ಶುರುವಿಗೆ ಸಾದಾ, ಮುಂದೆ ವೇಟೆಡ್" ಅಂತ ಎಲ್ಲರೂ ಹೇಳುತ್ತಾರೆ. ಹತ್ತು ವರ್ಷ ನುಡಿಸಿದವರಿಗೆ ಹಗುರ ಕೀ ಕೊಟ್ಟರೂ ಅವರ ಕೈ ಕೆಡುವುದಿಲ್ಲ, ಅದು ಆಗಲೇ ಪಳಗಿರುತ್ತದೆ. ಕೈ ರೂಪುಗೊಳ್ಳುವುದೇ ಶುರುವಿನಲ್ಲಿ. ಹಾಗಿದ್ದ ಮೇಲೆ ಭಾರದ ಕೀ ಎಲ್ಲರಿಗಿಂತ ಜಾಸ್ತಿ ಬೇಕಿರುವುದು ಹೊಸಬರಿಗೆ. ಇನ್ನು "ಆಸಕ್ತಿ ಉಳಿದರೆ" ಅನ್ನುತ್ತೀರಿ. ಕ್ಲಾಸಿನಲ್ಲಿ ಒಂದು ವಾದ್ಯ, ಮನೆಯಲ್ಲಿ ಇನ್ನೊಂದು ಕೊಟ್ಟರೆ ಆಸಕ್ತಿ ಉಳಿಯುವುದು ಹೇಗೆ?

ಪರೀಕ್ಷೆಯ ಮಾತೂ ಇದೆ. ಎಬಿಆರ್‌ಎಸ್‌ಎಂ, ಟ್ರಿನಿಟಿ ಎರಡೂ ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳು. ಎಬಿಆರ್‌ಎಸ್‌ಎಂನ ಪಿಯಾನೋ ಪರೀಕ್ಷೆಗೆ ಡಿಜಿಟಲ್ ನಡೆಯುತ್ತದೆ, ಆದರೆ ಕೀಗಳು ಪೂರ್ತಿ ಅಳತೆಯ ವೇಟೆಡ್ ಕೀಗಳೇ ಆಗಿರಬೇಕು, ಕೀಯಿಂದ ಬೆರಳು ತೆಗೆದ ಮೇಲೂ ಸ್ವರ ಉಳಿಸುವ ಸಸ್ಟೇನ್ ಪೆಡಲ್ ಇರಬೇಕು. ಟ್ರಿನಿಟಿಯಲ್ಲಿ ಪಿಯಾನೋ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆಯೇ ವಿಷಯ. ಎಷ್ಟೋ ಕ್ಲಾಸುಗಳಲ್ಲಿ ಪಿಯಾನೋ ಅಂತ ಸೇರಿಸಿಕೊಂಡು ಕಲಿಸುವುದು ಎರಡನೆಯದನ್ನು. ನಿಮ್ಮ ಟೀಚರ್ ಯಾವುದಕ್ಕೆ ತಯಾರು ಮಾಡುತ್ತಾರೆ ಅಂತ ಮೊದಲು ಕೇಳಿಕೊಳ್ಳಿ.

ಒಂದೇ ಒಂದು ಸಂದರ್ಭದಲ್ಲಿ ಸಾದಾ ಕೀಬೋರ್ಡ್ ತಗೊಳ್ಳಿ ಅನ್ನುತ್ತೇನೆ. ಮಗಳಿಗೆ ಬೇಕಾದದ್ದು ಭಜನೆಗೆ, ಭಾವಗೀತೆಗೆ ಜೊತೆ ಕೊಡುವುದಾದರೆ ಅದೇ ಒಳ್ಳೆಯದು. ರಿದಮ್ ಇರುತ್ತದೆ, ಕೆಲವದರಲ್ಲಿ ಸ್ವರ ಜಾರಿಸಲು ಪಿಚ್ ಬೆಂಡ್ ಚಕ್ರವೂ ಇರುತ್ತದೆ, ಸಂಘದ ಕಾರ್ಯಕ್ರಮಕ್ಕೆ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಡಿಜಿಟಲ್ ಪಿಯಾನೋಗಳಲ್ಲಿ ಸಾಮಾನ್ಯವಾಗಿ ಆ ಚಕ್ರ ಇರುವುದಿಲ್ಲ.

ಮೂರು ಮಾಡೆಲ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಮೂರರಲ್ಲೂ 88 ಕೀ, ಮೂರರಲ್ಲೂ ಹ್ಯಾಮರ್ ಆಕ್ಷನ್. ಎಫ್‌ಪಿ-10ರಲ್ಲಿ ಕೀಗೆ ಮೂರು ಸೆನ್ಸರ್ ಇದೆ, ಒಂದೇ ಸ್ವರವನ್ನು ಬೇಗ ಬೇಗ ಮತ್ತೆ ಮತ್ತೆ ನುಡಿಸುವಾಗ ಅನುಕೂಲ. ನನ್ನ ಕೈಗೆ ಅದೇ ಮರದ ಪಿಯಾನೋಕ್ಕೆ ಹತ್ತಿರ ಅನಿಸಿತು. ತೂಕವೂ ಅದರದ್ದೇ ಜಾಸ್ತಿ, 12 ಕಿಲೋ ದಾಟುತ್ತದೆ. ಪಿ-145 ಸುಮಾರು 11 ಕಿಲೋ, ಕೀ ಸ್ವಲ್ಪ ಹಗುರ. ಸಿಡಿಪಿ-ಎಸ್110 ಬ್ಯಾಟರಿಯಲ್ಲೂ ನಡೆಯುತ್ತದೆ. ಒಟ್ಟಿಗೆ ಎಷ್ಟು ಸ್ವರ ಕೇಳಿಸಬಹುದು ಅನ್ನುವುದರಲ್ಲಿ ರೋಲ್ಯಾಂಡಿಗೆ 96, ಉಳಿದೆರಡಕ್ಕೆ 64. ಮೊದಲ ಕೆಲವು ವರ್ಷ 64 ಧಾರಾಳ ಸಾಕು. ಈ ಮೂರರಲ್ಲಿ ಯಾವುದು ತಗೊಂಡರೂ ಮಗಳ ಕೈ ಕೆಡುವುದಿಲ್ಲ. ಇದಕ್ಕಾಗಿ ತಿಂಗಳುಗಟ್ಟಲೆ ವೀಡಿಯೋ ನೋಡುತ್ತ ಕೂರಬೇಡಿ.

ಅಂಗಡಿಗೆ ಹೋದರೆ ಮೊದಲು ಪವರ್ ಆಫ್ ಮಾಡಿಸಿ. ಸದ್ದು ಇದ್ದರೆ ಕಿವಿ ಸೋಲುತ್ತದೆ, ಬೆರಳಿಗೆ ಏನು ಸಿಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಮಗಳ ಉಂಗುರದ ಬೆರಳಿನಿಂದ ಒಂದು ಕೀಯನ್ನು ನಿಧಾನಕ್ಕೆ ಒತ್ತಿಸಿ. ಎಡ ತುದಿಯ ಕೀ, ಬಲ ತುದಿಯ ಕೀ ಎರಡನ್ನೂ ಒತ್ತಿಸಿ. ಆಮೇಲೆ ಬಿಳಿ ಕೀಯನ್ನು ತೀರಾ ಹಿಂದೆ, ಕಪ್ಪು ಕೀಗಳ ನಡುವೆ ಒತ್ತಿಸಿ. ಚಿಕ್ಕ ಪಿಯಾನೋಗಳಲ್ಲಿ ಒಳಗಿನ ಕೀಯ ಉದ್ದ ಕಮ್ಮಿ, ಹಿಂದೆ ಒತ್ತಿದರೆ ಗಟ್ಟಿ ಬರುತ್ತದೆ. ಎಷ್ಟು ಗಟ್ಟಿ ಅನ್ನುವುದರಲ್ಲೇ ಮಾಡೆಲ್‌ಗಳ ವ್ಯತ್ಯಾಸ ತಿಳಿಯುತ್ತದೆ. ಮುಂಬೈಯ ಧೋಬಿ ತಲಾವ್‌ನ ಫರ್ಟಾಡೋಸ್ 1865ರಿಂದ ಇರುವ ವಾದ್ಯಗಳ ಅಂಗಡಿ, ಮಗಳನ್ನು ಕರೆದುಕೊಂಡು ಹೋಗಿ ನೋಡಬಹುದು. ತರುವಾಗ ಲೋಕಲ್ ಟ್ರೈನಿನ ಆಸೆ ಬಿಡಿ, ಡಬ್ಬ ಒಂದೂಕಾಲು ಮೀಟರಿಗಿಂತ ಉದ್ದ. ಟ್ಯಾಕ್ಸಿಯೇ ಗತಿ.

40 ಸಾವಿರವನ್ನೂ ಪಿಯಾನೋಕ್ಕೇ ಸುರಿಯಬೇಡಿ. ಎಕ್ಸ್ ಆಕಾರದ ಸ್ಟ್ಯಾಂಡ್ ಅಲುಗಾಡುತ್ತದೆ, ಮಗುವಿನ ಮೊಣಕಾಲಿಗೂ ತಾಗುತ್ತದೆ. ಮೇಜಿನ ಥರದ ನಾಲ್ಕು ಕಾಲಿನದು ತಗೊಳ್ಳಿ. ಜೊತೆಗೆ ಬರುವ ಚಿಕ್ಕ ಚೌಕದ ಪೆಡಲ್ ಟೈಲ್ಸ್ ಮೇಲೆ ಜಾರಿ ಓಡುತ್ತದೆ, ಅದರಡಿಗೆ ರಬ್ಬರ್ ಹಾಕಿ. ಇನ್ನೊಂದು ಮುಖ್ಯ ವಿಷಯ. ಹೆಡ್‌ಫೋನ್ ಹಾಕಿದರೆ ಸದ್ದು ಹೊರಗೆ ಬರುವುದಿಲ್ಲ ಅಂತ ನಂಬಿದ್ದೆವು. ಒಳಗಿನ ಸುತ್ತಿಗೆ ಬೀಳುವ ಧಡ್ ಧಡ್ ಸ್ಟ್ಯಾಂಡಿನಿಂದ ನೆಲಕ್ಕೆ ಇಳಿಯುತ್ತದೆ. ಕೆಳಗಿನ ಮನೆಯ ಕಾಕೂ ರಾತ್ರಿ ಬಂದು "ಮೇಲೆ ಏನು ಕುಟ್ಟುತ್ತಿದ್ದೀರಿ?" ಅಂತ ಕೇಳಿದ ಮೇಲೆಯೇ ಇದು ತಿಳಿದದ್ದು. ಹಳೇ ಯೋಗ ಮ್ಯಾಟ್ ಮಡಚಿ ಸ್ಟ್ಯಾಂಡಿನ ಕಾಲಡಿಗೆ ಹಾಕಿದೆವು, ಬಹಳ ಕಮ್ಮಿಯಾಯಿತು.

ದುಡ್ಡು ಸಾಲದಿದ್ದರೆ 61 ಕೀಯ ಹೊಸದಕ್ಕೆ ಇಳಿಯಬೇಡಿ, 88 ಕೀಯ ಸೆಕೆಂಡ್ ಹ್ಯಾಂಡ್‌ಗೆ ಹೋಗಿ. ಯಮಾಹಾದ ಹಳೇ ಪಿ-45 ಇಲ್ಲಿ ಆಗಾಗ ಮಾರಾಟಕ್ಕೆ ಬರುತ್ತದೆ, ಊರು ಬಿಟ್ಟು ಹೋಗುವವರು ಕೊಡುತ್ತಾರೆ. ನೋಡಲು ಹೋದಾಗ ಹೆಡ್‌ಫೋನ್ ಒಯ್ಯಿರಿ. ಎಡದಿಂದ ಬಲಕ್ಕೆ ಅಷ್ಟೂ ಕೀಗಳನ್ನು ಒಂದೊಂದಾಗಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ. ಒಂದೇ ಕೀ ಉಳಿದವಕ್ಕಿಂತ ಕಿರುಚಿದರೆ ಅಥವಾ ಸುಮ್ಮನಿದ್ದರೆ ಕಾಂಟ್ಯಾಕ್ಟಿಗೆ ಧೂಳು ಹಿಡಿದಿದೆ ಅಂತ. ಒಂದೆರಡು ಕೀ ಹಾಗಿದ್ದರೆ ರಿಪೇರಿಯ ದುಡ್ಡು ಕಳೆದು ಬೆಲೆ ಹೇಳಿ, ಜಾಸ್ತಿ ಇದ್ದರೆ ಬಿಟ್ಟು ಬನ್ನಿ. ಎಲ್ಲ ಕೀ ಒತ್ತಿ ನೋಡಲು ಹತ್ತು ನಿಮಿಷ ಸಾಕು. ಅಷ್ಟು ಹೊತ್ತೂ ಕೊಡದೆ ಆತುರ ಮಾಡುವವರಿಂದ ತಗೊಳ್ಳಬೇಡಿ.