ಅಮುರ್ ನದಿ ಗಡಿ ಆಗಿದ್ದು 1689ರಾಗ ಅಲ್ರೀ

ಈ ಅಂಕಣಕ್ಕ ಈ ಸಲ ಓದುಗರಿಂದ ಬಂದ ಪ್ರಶ್ನೆ ಎಲ್ಲಾ ಮುಂದ ಹರವಿಕೊಂಡು ಕುಂತೀನಿ, ಅರ್ಧಕ್ಕರ್ಧ ಒಂದ ಪ್ರಶ್ನೆ. ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಓದೋ ಹುಡುಗ್ರು, ಗದಗಿನಿಂದ ಒಬ್ಬಾಕಿ, ರಾಣೇಬೆನ್ನೂರಿನಿಂದ ಇಬ್ರು, ಎಲ್ಲಾರ ಕೈಯಾಗೂ ಒಂದ ಝೆರಾಕ್ಸ್ ನೋಟ್ಸ್ ಐತಿ ಅನಸ್ತೈತಿ, ಯಾಕಂದ್ರ ತಪ್ಪೂ ಎಲ್ಲಾರದೂ ಒಂದ ಐತಿ. ಹೋದ ವರ್ಷ ಎರಡು ಸಾಲಿನಾಗ ಉತ್ತರ ಕೊಟ್ಟಿದ್ದೆ, ಯಾರೂ ಓದಿಲ್ಲ. ಈ ಸಲ ಪೂರ್ತಿ ಬರದು ಕೈ ತೊಳಕೊಂತೀನಿ.

"ಸರ್, 1689ರ ನೆರ್ಚಿನ್‌ಸ್ಕ್ ಒಪ್ಪಂದದಾಗ ರಷ್ಯಾ ಮತ್ತ ಚೀನಾ ನಡುವ ಅಮುರ್ ನದಿನ ಗಡಿ ಅಂತ ಆತು ಅಂತ ನೋಟ್ಸ್‌ನಾಗ ಐತಿ. ಹೊಳಿ ಅಂದ್ರ ಕಣ್ಣಿಗೆ ಕಾಣೋ ಗೆರಿ, ಅದಕ್ಕ ಅಷ್ಟು ವರ್ಷ ಯಾಕ ಬಡದಾಡಿದ್ರು? ಮತ್ತ ಇಬ್ಬರದೂ ಅಲ್ಲದ ಲ್ಯಾಟಿನ್ ಭಾಷಾದಾಗ ಯಾಕ ಬರದ್ರು?"

ಮೊದ್ಲು ಆ ನೋಟ್ಸ್ ಹರದು ಒಗೀರಿ. 1689ರಾಗ ಗಡಿ ಅಂತ ಬರದಿದ್ದು ಅರ್ಗುನ್ ನದಿ, ಗೊರ್ಬಿತ್ಸಾ ಅನ್ನೋ ಒಂದು ಸಣ್ಣ ಹೊಳಿ, ಅದರ ಮ್ಯಾಲಿಂದ ಸಮುದ್ರದ ಕಡೆ ಹೊಂಟ ಸ್ತಾನವೋಯ್ ಗುಡ್ಡದ ಸಾಲು. ಅಮುರಿನ ಎರಡೂ ದಂಡಿ ಚಿಂಗ್ ಸಾಮ್ರಾಜ್ಯದ, ಅಂದ್ರ ಆಗ ಚೀನಾ ಆಳ್ತಿದ್ದ ಮಂಚು ಮನೆತನದ, ಒಳಗ ಉಳದ್ವು. ಅಮುರ್ ಗಡಿ ಆಗಿದ್ದು 1858ರಾಗ, ಐಗುನ್ ಒಪ್ಪಂದದಾಗ, ಅಂದ್ರ 169 ವರ್ಷ ಆದ ಮ್ಯಾಲ. ಯೂಟ್ಯೂಬಿನಾಗ ಬೋರ್ಡ್ ಮುಂದ ನಿಂತು ಒಬ್ಬಾಂವ ಈ ಎರಡನ್ನೂ ಕಲಸಿ ಒಂದ ಉಂಡಿ ಕಟ್ಟಿ ಕೊಟ್ಟಾನ, ಕೆಳಗ ನೂರಾರು ಮಂದಿ "ಸೂಪರ್ ಸರ್" ಅಂತ ಬರದಾರ. ಇಂಥಾ ನಾಟಿ ವೈದ್ಯರಿಂದ ಇತಿಹಾಸಕ್ಕ ಜ್ವರ ಬರೂದು.

ಇನ್ನ "ಕಣ್ಣಿಗೆ ಕಾಣೋ ಗೆರಿ" ಅಂದ್ರಲ್ಲ. ನಮ್ಮ ಬೆಣ್ಣಿಹಳ್ಳ ನೋಡೀರಿ? ಬ್ಯಾಸಗ್ಯಾಗ ಚಕ್ಕಡಿ ದಾಟತಾವು, ಮಳಿ ಜೋರಾದ್ರ ಎರಿ ಹೊಲ ನುಂಗ್ತೈತಿ. ಯಾವ ದಂಡಿ ಹಿಡದು ಮೋಜಣಿ ಮಾಡಾಂವ ಸರ್ವೇಯರ್? ಅಮುರ್ ಅಂತೂ ಅದರ ಸಾವಿರ ಪಾಲು ದೊಡ್ಡದು, ನಡುವ ನಡುಗಡ್ಡಿ ಬ್ಯಾರೆ. ಅದಕ್ಕಿಂತ ಮುಖ್ಯ, ರಷ್ಯಾದವರಿಗೆ ಸೈಬೀರಿಯಾದಾಗ ಹೊಳಿ ಅಂದ್ರ ರೋಡ್ ಇದ್ದಂಗ. ಕಾಡಿನಾಗ ಚರ್ಮ ಸಿಗ್ತಿತ್ತು, ತಿನ್ನಾಕ ಕಾಳು ಸಿಗ್ತಿರಲಿಲ್ಲ. ಕಾಳು ಬೆಳಿಯೋ ನೆಲ ಅಮುರ್ ಕಡೆ ಐತಿ ಅಂತ ಗೊತ್ತಾಗಿ 1640ರ ದಶಕದಿಂದ ರಷ್ಯಾದ ಕೊಸಾಕ್ ಅನ್ನೋ ಕುದುರಿ ಸಿಪಾಯಿ ಮಂದಿ ಅಲ್ಲಿಗೆ ಇಳದ್ರು. ಅದು ಮಂಚುಗಳು ತಮ್ಮ ಮೂಲಮನಿ ಅಂಗಳ ಅಂತ ತಿಳಕೊಂಡಿದ್ದ ಜಾಗ, ಅಲ್ಲಿ ಮಂದಿಯಿಂದ ಇವ್ರು ಚರ್ಮದ ಕಪ್ಪ ವಸೂಲಿ ಮಾಡಾಕತ್ರ ಯಾರು ಸುಮ್ಮನಿರ್ತಾರ?

ಅಮುರ್ ದಂಡಿ ಮ್ಯಾಲ ಅಲ್ಬಾಜಿನ್ ಅಂತ ರಷ್ಯಾದ ಒಂದು ಕೋಟೆ ಇತ್ತು. 1685ರಾಗ ಚಿಂಗ್ ಸೈನ್ಯ ಬಂದು ಸುಟ್ಟು ಹೋತು, ಹೋಗುವಾಗ ಹೊಲದಾಗ ನಿಂತ ಬೆಳಿ ಮಾತ್ರ ಮುಟ್ಟಲಿಲ್ಲ. ನಮ್ಮ ಕಡೆ ಯಾವ ರೈತನ್ನ ಕೇಳಿದ್ರೂ ಹೇಳ್ತಾನ, ಬೆಳಿ ನಿಂತಿದ್ರ ಒಡೆಯ ವಾಪಸ್ ಬರ್ತಾನ ಅಂತ. ಬಂದ್ರು, ಸುಗ್ಗಿ ಮಾಡಿದ್ರು, ಕೋಟೆ ಮತ್ತ ಕಟ್ಟಿದ್ರು. 1686ರಾಗ ಎರಡನೇ ಮುತ್ತಿಗಿ. ಒಳಗ ಇದ್ದ 800ಕ್ಕೂ ಹೆಚ್ಚು ಮಂದಿಯೊಳಗ ಕಡೀಕ ಉಳದವರು ನೂರೂ ಇರಲಿಲ್ಲ, ಅವರ ಮುಖ್ಯಸ್ಥ ತೊಲ್ಬೂಜಿನ್ನೂ ಸತ್ತ. ಅಷ್ಟರಾಗ ಮಾಸ್ಕೋದಿಂದ ದೂತರು ಬರಾಕತ್ಯಾರ ಅಂತ ಸುದ್ದಿ ಬಂತು, ಚಿಂಗ್ ಬಾದಶಹ ಕಾಂಗ್ಷಿ ಮುತ್ತಿಗಿ ಸಡ್ಲ ಮಾಡಿಸಿದ.

ಮಾತುಕತಿಗೆ ರಷ್ಯಾ ಕಡೆಯಿಂದ ಹೊಂಟಾಂವ ಫ್ಯೋದರ್ ಗೊಲೊವಿನ್. 1686ರ ಜನವರಿಯಾಗ ಮಾಸ್ಕೋ ಬಿಟ್ಟವ 1689ರಾಗ ಸಹಿ ಮಾಡಿದ, ಲೆಕ್ಕ ಹಾಕ್ಕೊಳ್ರಿ. ಚಿಂಗ್ ಕಡೆಯಿಂದ ಸೊಂಗೊತು. 1688ರಾಗ ಸೆಲೆಂಗಿನ್‌ಸ್ಕ್ ಊರಾಗ ಕೂಡಬೇಕಿತ್ತು, ಆದ್ರ ಆಗ ಜುಂಗಾರರು ಅನ್ನೋ ಪಡುವಲ ಮಂಗೋಲರ ದೊರಿ ಗಾಲ್ದನ್, ನಡುವಿನ ಖಾಲ್ಖಾ ಮಂಗೋಲರ ಮ್ಯಾಲ ಬಿದ್ದ, ದಾರಿ ಬಂದ್ ಆತು, ಚಿಂಗ್ ರಾಯಭಾರಿಗಳು ಅರ್ಧ ದಾರಿಯಿಂದ ತಿರುಗಿದ್ರು.

ಇಲ್ಲೆ ಪೆನ್ನಿನಿಂದ ಗೆರಿ ಎಳಕೊಳ್ರಿ, ನಿಮ್ಮ ನೋಟ್ಸ್‌ನಾಗ ಇಲ್ಲದ್ದು ಇದ. 1688ರಾಗ ಕಾಂಗ್ಷಿ ತನ್ನ ರಾಯಭಾರಿಗಳಿಗೆ ಹೇಳಿದ್ದು ರಷ್ಯಾದವರು ಕುಂತಿದ್ದ ನೆರ್ಚಿನ್‌ಸ್ಕ್ ಊರು, ಅಲ್ಬಾಜಿನ್, ಅಮುರಿಗೆ ಬಂದು ಕೂಡೋ ಎಲ್ಲಾ ಹೊಳಿ ನಮ್ಮವು, ಬಿಡಬ್ಯಾಡ್ರಿ ಅಂತ. 1689ರಾಗ ಮಾತು ಬದಲಾತು: ಮೊದ್ಲು ನೆರ್ಚಿನ್‌ಸ್ಕ್ ಕೇಳ್ರಿ, ಅವ್ರು ಒಪ್ಪದಿದ್ರ ಬಿಟ್ಟುಕೊಟ್ಟು ಅರ್ಗುನ್‌ಗೆ ನಿಲ್ರಿ. ನಡುವ ಆಗಿದ್ದೇನು? ಗಾಲ್ದನ್. ರಷ್ಯಾ ಎಲ್ಲಿ ಗಾಲ್ದನ್ ಕೈ ಹಿಡೀತೈತೋ ಅನ್ನೋ ಚಿಂತಿ. ಆ ಕಡೆ ಮಾಸ್ಕೋಕ್ಕೂ ಕ್ರಿಮಿಯಾ ಮ್ಯಾಲ 1687 ಮತ್ತ 1689ರ ದಂಡಯಾತ್ರಿ ಎರಡೂ ಕೈಕೊಟ್ಟಿದ್ವು, ಬೀಜಿಂಗ್ ವ್ಯಾಪಾರ ಬೇಕಾಗಿತ್ತು. ಹೊಳಿ ಜಗಳ ಮುಗಿಸಿದ್ದು ಹೊಳಿಗೆ ಸಂಬಂಧ ಇಲ್ಲದ ಈ ಎರಡು ತಲಿನೋವು.

ಮಾತುಕತಿ ಆಗಸ್ಟಿನಾಗ ಸುರು ಆತು, ನೆರ್ಚಿನ್‌ಸ್ಕ್ ಹೊರಗ ತಂಬು ಹೊಡಕೊಂಡು. ಗೊಲೊವಿನ್ ಅಮುರ್ ಗಡಿ ಆಗ್ಲಿ ಅಂದ, ಸೊಂಗೊತು ಬೈಕಲ್ ಸರೋವರದ ಮೂಡಲಕ್ಕ ಇರೋದೆಲ್ಲ ನಮ್ಮದು ಅಂದ. ದನದ ಸಂತ್ಯಾಗ ಟವೆಲ್ ಕೆಳಗ ಬೆರಳು ಹಿಡದು ರೇಟ್ ಮಾಡೂದು ನೋಡಿರ್ತೀರಿ, ಮೊದಲನೇ ರೇಟ್ ಯಾರೂ ಖರೆ ಹೇಳೂದಿಲ್ಲ. ಆದ್ರ ಮರುದಿನ ಚಿಂಗ್ ಕಡೆಯವರು ಒಮ್ಮಿಗೆ ಭಾಳ ಕೆಳಗ ಇಳದು ನೆರ್ಚಿನ್‌ಸ್ಕ್ ನೀವ ಇಟ್ಕೊಳ್ರಿ ಅಂದುಬಿಟ್ರು, ಇಂಥಾ ಚೌಕಾಸಿ ಅವರಿಗೆ ರೂಢಿ ಇರಲಿಲ್ಲ. ರಷ್ಯಾದವರು ನಕ್ರು. ಮಾತು ಮುರೀತು. ಆಮ್ಯಾಲ ಚಿಂಗ್ ಪಡೆ ಊರ ಸುತ್ತ ಬಂದು ನಿಂತ್ತು, ಗೊಲೊವಿನ್ ಹತ್ರ ಇದ್ದ ಮಂದಿಕಿಂತ ಎಷ್ಟೋ ಪಟ್ಟು ಹೆಚ್ಚು, ಸುತ್ತಲಿನ ಬುರಿಯಾತ್ ಅನ್ನೋ ಸ್ಥಳೀಯ ಮಂದಿನೂ ಅವರ ಕಡೆ ವಾಲಾಕತ್ರು, ಗೊಲೊವಿನ್ ಅಲ್ಬಾಜಿನ್ ಕೆಡವಾಕ ಒಪ್ಪಿದ. ಹೊಸ ಕ್ಯಾಲೆಂಡರಿನ ಪ್ರಕಾರ ಸೆಪ್ಟೆಂಬರ್ 7ಕ್ಕ ಸಹಿ.

ಲ್ಯಾಟಿನ್ ಯಾಕ? ಚಿಂಗ್ ಕಡೆ ದುಭಾಷಿ ಅಂತ ಬಂದಿದ್ದು ಇಬ್ರು ಜೆಸೂಯಿಟ್ ಪಾದ್ರಿಗಳು, ಪೋರ್ಚುಗಲ್ಲಿನ ಪೆರೇರಾ, ಫ್ರಾನ್ಸಿನ ಝೆರ್ಬಿಯೋಂ. ರಷ್ಯಾ ಕಡೆ ಲ್ಯಾಟಿನ್ ಬಲ್ಲ ಪೋಲೆಂಡ್ ಮೂಲದ ಬೆಲೊಬೊತ್ಸ್ಕಿ. ಮಂಗೋಲಿ ಭಾಷಾದಾಗ ಮಾತಾಡಬಹುದಿತ್ತು, ಗೊಲೊವಿನ್ ಪ್ರಯತ್ನನೂ ಮಾಡಿದ, ಪಾದ್ರಿಗಳು ಬಿಡಲಿಲ್ಲ, ಮಂಗೋಲಿ ನಡದ್ರ ಇವರ ದಗದ ಏನೈತಿ? ಲ್ಯಾಟಿನ್ ಪ್ರತಿನ ಮುಖ್ಯ, ಜೊತಿಗೆ ರಷ್ಯನ್ ಮತ್ತ ಮಂಚು ಪ್ರತಿ, ಅವು ಒಂದಕ್ಕೊಂದು ಪೂರ್ತಿ ಕೂಡೂದಿಲ್ಲ. "ಪಾದ್ರಿಗಳು ಚೀನಾಕ್ಕ ಮೋಸ ಮಾಡಿದ್ರು" ಅನ್ನೋ ವಾಟ್ಸಪ್ ಫಾರ್ವರ್ಡ್ ನನಗ ಮೂರು ಸಲ ಬಂದೈತಿ. ದಲ್ಲಾಳಿ ಅಂದ ಮ್ಯಾಲ ಕಮಿಷನ್ ಇರ್ತೈತಿ, 1692ರಾಗ ಕಾಂಗ್ಷಿ ಕ್ರೈಸ್ತ ಧರ್ಮಕ್ಕ ಪರವಾನಗಿ ಕೊಡುವಾಗ ಇವರ ಸೇವಾನೂ ಲೆಕ್ಕಕ್ಕ ಬಂತು, ಆದ್ರ ಅಮುರ್ ಪೂರ್ತಿ ಸಿಕ್ಕವರಿಗೆ ಮೋಸ ಆಗೈತಿ ಅನ್ನಾಕ ನಾಲಿಗಿ ಹೆಂಗ ಹೊಳ್ಳತೈತೋ.

ಎಲ್ಲಾ ಮುಗದು ಹೋತು ಅಂತ ತಿಳೀಬ್ಯಾಡ್ರಿ. ಉದಾ ನದಿ ಸುತ್ತಲಿನ ನೆಲ "ಆಮ್ಯಾಲ ನೋಡೂಣು" ಅಂತ ಹಂಗ ಬಿಟ್ರು. 1858ಕ್ಕ ಬರೂದ್ರಾಗ ಚಿಂಗ್ ಒಳಗ ತೈಪಿಂಗ್ ದಂಗೆ, ಹೊರಗ ಬ್ರಿಟಿಷ್ ಮತ್ತ ಫ್ರೆಂಚ್ ಹೊಡೆತ, ರಷ್ಯಾದ ಮೂಡಲ ಸೈಬೀರಿಯಾ ಗವರ್ನರ್ ಮುರವ್ಯೋವ್ ಬಂದು ಚಿಂಗ್ ಅಧಿಕಾರಿ ಯಿಶಾನ್ ಕೈಯಿಂದ ಅಮುರಿನ ಬಡಗ ದಂಡಿ ಬರೆಸಿಕೊಂಡ, 1860ರಾಗ ಪೀಕಿಂಗ್ ಒಪ್ಪಂದದಾಗ ಅಮುರಿಗೆ ಕೂಡೋ ಉಸ್ಸುರಿ ನದಿಯ ಮೂಡಲ ಭಾಗನೂ ಹೋತು. 1969ರಾಗ ಅದ ಉಸ್ಸುರಿ ಒಳಗಿನ ಒಂದು ನಡುಗಡ್ಡಿ ಸಲುವಾಗಿ ಎರಡೂ ದೇಶದ ನಡುವ ಗುಂಡು ಹಾರಿದ್ವು. ಕಡೀ ನಡುಗಡ್ಡಿಗಳ ಹಂಚಿಕಿ ಮುಗದಿದ್ದು 2008ರಾಗ.

ಉಳದ ಪ್ರಶ್ನೆ ಲಗೂನ ಮುಗಸ್ತೀನಿ.

ಪುಲಕೇಶಿ ಮತ್ತ ಹರ್ಷ ನರ್ಮದಾ ದಂಡಿ ಮ್ಯಾಲ ಸಹಿ ಮಾಡಿದ ಒಪ್ಪಂದದ ತಾರೀಖು ಕೇಳ್ಯಾರ ಒಬ್ರು. ಅಂಥಾ ಕಾಗದ ಇಲ್ಲ; ಇರೂದು ಐಹೊಳೆಯ ಮೇಗುತಿ ಗುಡಿ ಮ್ಯಾಲ ರವಿಕೀರ್ತಿ ಬರೆದ ಗೆಲುವಿನ ಹೊಗಳಿಕಿ, ಅದೂ ಒಂದು ಪಾರ್ಟಿ ಬರೆಸಿದ್ದು.

ಮಹದಾಯಿನೂ ಇಂಥಾದ ಅಲ್ಲೇನ್ರಿ ಅಂತ ನವಲಗುಂದದಿಂದ. ಅಲ್ಲ. ಅದು ನೀರಿನ ಹಂಚಿಕಿ, ಗಡಿ ಅಲ್ಲ, 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತ ಹೇಳೇತಿ, ಮುಂದಿನದು ನನ್ನ ಕೇಳಬ್ಯಾಡ್ರಿ, ಬಿಪಿ ಏರ್ತೈತಿ.

ಗಜೇಂದ್ರಗಡದ ಓದುಗರೊಬ್ರು, ನಮ್ಮೂರಾಗೂ ಇಂಥಾ ಸಂಧಾನ ಆಗಿತ್ತಂತಲ್ಲ ಅಂತಾರ. ಖರೆ, 1787ರಾಗ, ಮರಾಠರು, ನಿಜಾಮ, ಟಿಪ್ಪು. ಅದಕ್ಕ ಬ್ಯಾರೆ ಅಂಕಣ ಬೇಕು.

ಕೀ ಆನ್ಸರ್‌ನಾಗ ಅಮುರ್ ಅಂತ ಬಂದ್ರ ಆಬ್ಜೆಕ್ಷನ್ ಹಾಕಲೇನ್ರಿ? ಹಾಕ್ರಿ, ಆದ್ರ ಮೊದ್ಲು ಪ್ರಶ್ನೆಯೊಳಗಿನ ಇಸವಿ ನೋಡ್ರಿ, 1858 ಅಂತ ಇದ್ರ ಅಮುರ್ ಸರಿನ ಐತಿ. ಪುರಾವೆಗೆ ಒಪ್ಪಂದದ ಪಾಠ ಇರೋ ಪುಸ್ತಕದ ಪುಟ ಲಗತ್ತಿಸ್ರಿ, ಯೂಟ್ಯೂಬ್ ಸ್ಕ್ರೀನ್‌ಶಾಟ್ ಬ್ಯಾಡ. ಈ ಅಂಕಣನೂ ಬ್ಯಾಡ.